ಮಂಗಳದಿಂದ ಶುರುವಾದ ನನ್ನ ಕೃತಿ

ಎಡವಟ್ಟು ಎಲ್ಲರ ಬದುಕಲ್ಲೂ ಆಗುತ್ತೆ; ನನಗೆ ಮಾತ್ರ ಅದು ಶ್ರುತಿ ಸೇರಿಸ್ಕೊಂಡೇ ಬರುತ್ತೆ. ಸಾಗರದಲ್ಲಿ ಪಿಟೀಲು ಪಾಠ ಹೇಳೋನು ನಾನು. ಸಾಲದು ಅಂತ ಹೊಸ ಬಗೆಯ ಸಂಗೀತವನ್ನೂ ಕಟ್ತೀನಿ. ಈಚೆಗೆ ಒಂದು ಕೃತಿ ಮಾಡಿದೆ. ತಾಳ ಇಲ್ಲ, ರಾಗ ಇದ್ದೂ ಇಲ್ಲ, ನಡುನಡುವೆ ತಂತಿ ಕಿರುಗುಟ್ಟುತ್ತೆ. ಕಚೇರಿಯ ಕೊನೆಗೆ ನುಡಿಸೋ ಮಂಗಳವನ್ನ ಬೇಕಂತಲೇ ಮೊದಲಿಗೆ ಇಟ್ಟಿದ್ದೆ. ತೀರ್ಥಹಳ್ಳಿಯಲ್ಲಿ ಅದರ ಕಾರ್ಯಕ್ರಮ ಗೊತ್ತಾಯ್ತು. ಒಬ್ಬರಾದ್ರೂ ಕೊನೆವರೆಗೆ ಕೂತು ಕೇಳ್ತಾರಾ ಅನ್ನೋ ಹೆದರಿಕೆಗೆ ನನಗೆ ಅನ್ನ ಸೇರ್ತಿರಲಿಲ್ಲ.

ಮನೆಯಲ್ಲಿ

ಮೊದಲು ಹೆಂಡತಿಗೆ ಕೇಳಿಸಿದೆ. ಹಾಲು ಉಕ್ಕುತ್ತೆ ಅಂತ ಅರ್ಧಕ್ಕೇ ಎದ್ದು ಹೋದಳು. ಹೋಗಿ ನೋಡಿದರೆ ಒಲೆ ಮೇಲೆ ಹಾಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಎಣ್ಣೆ ಡಬ್ಬಿ ಹಿಡ್ಕೊಂಡು ಬಂದರು. ನಿಮ್ಮ ಗೇಟು ಬೆಳಗಿಂದ ಕೂಗ್ತಿದೆ, ಒಂದು ತೊಟ್ಟು ಬಿಟ್ಟು ಹೋಗೋಣ ಅಂತ ಬಂದೆ ಅಂದರು. ಪಾಪ, ಬಂದವರನ್ನ ಬರಿಗೈಯಲ್ಲಿ ಕಳಿಸೋದು ಹೇಗೆ? ಗೇಟಿಗೆ ಎಣ್ಣೆ ಬಿಡಿಸ್ಕೊಂಡೆ.

ಹೊಸನಗರದಲ್ಲಿ

ಅಲ್ಲಿಗೆ ವಾರಕ್ಕೊಮ್ಮೆ ಪಾಠಕ್ಕೆ ಹೋಗ್ತೀನಿ. ನಿವೃತ್ತ ಮೇಷ್ಟ್ರೊಬ್ಬರು ನನ್ನ ಶಿಷ್ಯರು. ಗುರುಭಕ್ತಿ ಅಂದರೆ ಅವರದ್ದು. ಇವರಂತೂ ಎದ್ದು ಹೋಗಲ್ಲ ಅನ್ನೋ ಧೈರ್ಯದಲ್ಲಿ ನುಡಿಸಿದೆ. ಮಂಗಳ ಮುಗಿದು ತಂತಿ ಕಿರುಗುಟ್ಟಿದ್ದೇ ತಡ, ಮೇಷ್ಟ್ರು ನನ್ನ ಕೈ ಹಿಡಿದರು. ಅಪಸ್ವರ ಬಂದರೆ ನಿಲ್ಲಿಸಿ ಮೊದಲಿಂದ ನುಡಿಸ್ಬೇಕು ಅಂತ ನೀವೇ ಕಲಿಸಿದ್ದಲ್ವಾ ಅಂದರು. ಮೊದಲಿಂದ ನುಡಿಸಿದೆ. ಮತ್ತೆ ಅಲ್ಲೇ ಕೈ ಹಿಡಿದರು. ಸಾಗರದ ಬಸ್ಸು ಹೊರಡೋ ಹೊತ್ತಾದರೂ ನಾನು ಮಂಗಳ ದಾಟಿರಲಿಲ್ಲ.

ತೀರ್ಥಹಳ್ಳಿಯಲ್ಲಿ

ಬೆಳಗಿಂದ ಹಾಡುಗಾರರು ಹಾಡಿದ್ದರು. ಊಟಕ್ಕೆ ಮುಂಚಿನ ಕೊನೆಯ ಪಾಳಿ ನನ್ನದು. ಕಮಾನು ಎಳೆದೆ. ಮಂಗಳದ ಮೊದಲ ಸಾಲು ಕೇಳ್ತಿದ್ದ ಹಾಗೇ ಸಭೆ ಎದ್ದು ಕೈಮುಗೀತು, ಅದು ಮುಗೀತಿದ್ದ ಹಾಗೇ ಊಟದ ಮನೆ ಕಡೆ ಹೊರಟಿತು. ಸಂಘಟಕರು ಶಾಲು ಹೊದಿಸಿ, ಚಿಕ್ಕದಾಗಿ ಚೊಕ್ಕವಾಗಿ ಮುಗಿಸಿದ್ರಿ ಅಂತ ಹೊಗಳಿದರು.

ನನ್ನ ಹೊಟ್ಟೆ ಉರಿದುಹೋಯ್ತು. ಪಿಟೀಲು ಹಿಡ್ಕೊಂಡು ಊಟದ ಮನೆಗೇ ನುಗ್ಗಿದೆ. ಪಂಕ್ತಿ ಕೂತಾಗಿತ್ತು. ಹಿರಿಯರು ಏಳೋವರೆಗೆ ಪಂಕ್ತಿಯಲ್ಲಿ ಯಾರೂ ಏಳೋ ಹಾಗಿಲ್ಲ. ಇದಕ್ಕಿಂತ ಒಳ್ಳೆ ಸಭೆ ನನಗೆಲ್ಲಿ ಸಿಗಬೇಕು? ಮಂಗಳ ಹೇಗೂ ಆಗಿತ್ತು, ಉಳಿದದ್ದನ್ನ ಸಾರಿಂದ ಮಜ್ಜಿಗೆವರೆಗೆ ನುಡಿಸಿದೆ. ಒಬ್ಬರೂ ಕದಲಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಕೃತಿ ಮುಗೀತು. ಆದರೂ ಯಾರೂ ಏಳ್ತಿಲ್ಲ. ಎಲೆ ಮುಂದೆ ಕೂತವರ ಕೈ ಒಣಗಿದೆ. ಬಾಗಿಲಲ್ಲಿ ಎರಡನೇ ಪಂಕ್ತಿಯವರು ಹಸಿದು ನಿಂತು ನನ್ನನ್ನೇ ದುರುಗುಟ್ಟಿ ನೋಡ್ತಿದ್ದಾರೆ. ಸಾಲಿನ ತುದಿಯಲ್ಲಿದ್ದ ಹಿರಿಯರ ಹತ್ತಿರ ಹೋಗಿ, ಎಂತಾಯ್ತು ಅಂತ ಕೇಳಿದೆ.

"ಮಂಗಳ ಆಗದೆ ಏಳೋದು ಹೇಗೆ ಮಾರಾಯ್ರೇ? ಸಂಗೀತಕ್ಕೆ ಅಪಚಾರ ಅಲ್ವಾ?" ಅಂದರು.

ಅಲ್ಲೇ ನಿಂತು ಮತ್ತೆ ಮಂಗಳ ನುಡಿಸಿದೆ. ಎಲ್ಲರೂ ಕೈ ತೊಳೆಯೋಕೆ ಓಡಿದರು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು. ಅವಳಿಗೂ ಪಾಪ ಆತಂಕ. ಯಾರಾದ್ರೂ ಕೊನೆವರೆಗೆ ಕೂತಿದ್ರಾ ಅಂತ ಕೇಳಿದಳು.

"ಮುಗಿದ ಮೇಲೂ ಒಬ್ಬರೂ ಏಳಲಿಲ್ಲ ಕಣೇ" ಅಂದೆ.