ಜ್ಯೂಕ್‌ಬಾಕ್ಸಿಗೆ ಬಾಯಿ ಬಂದ ದಿನ

"ಇದು ನನ್ನಿಂದ ಆಗೋದಲ್ಲ" ಎಂಬ ಒಂದು ಮಾತು ಆ ಬೆಳಿಗ್ಗೆ ವಾಸಪ್ಪನ ಬಾಯಿಗೆ ಬರಲಿಲ್ಲ. ಬಂದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ, ಅವನಿಗೆ ಈ ಅವಸ್ಥೆಯೂ ಬರುತ್ತಿರಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಮಿಕ್ಸಿ, ಪಂಪು ರಿಪೇರಿ ಮಾಡುತ್ತಿದ್ದ. ಕೋಣೆಯ ಮಾಲೀಕರು ನಿಜಾಮುದ್ದೀನ್ ಸಾಹೇಬರು. ಅಳಿಯ ರಫೀಕ್ ಅಲ್ಲಿ ಮೊಬೈಲ್ ಅಂಗಡಿ ಹಾಕುತ್ತಾನೆಂದು ತಿಂಗಳ ಕೊನೆಗೆ ಖಾಲಿ ಮಾಡಲು ಹೇಳಿಯಾಗಿತ್ತು. ಐವತ್ತೇಳನೇ ವಯಸ್ಸಿನಲ್ಲಿ ಹೊಸ ಜಾಗ ಹುಡುಕಿ, ಹೊಸ ಗಿರಾಕಿ ಮಾಡಿಕೊಳ್ಳುವುದನ್ನು ನೆನೆದರೇ ವಾಸಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ.

ಸಾಹೇಬರಿಗೂ ಸುಖವಿರಲಿಲ್ಲ. ಹೆಂಡತಿ ಅಮೀರ್ ಬೀಗೆ ಲಕ್ವಾ ಹೊಡೆದು ಎಂಟು ತಿಂಗಳಾಗಿತ್ತು. ಕೈಕಾಲು ಅಷ್ಟಿಷ್ಟು ಆಡಿದರೂ ಮಾತು ಪೂರ್ತಿ ನಿಂತಿತ್ತು. ಹಳೆಯ ಪರಿಚಯದ್ದು ಏನಾದರೂ ಕೇಳಿಸಿ ನೋಡಿ ಎಂದು ಡಾಕ್ಟರು ಹೇಳಿದ್ದೇ ತಡ, ಸಾಹೇಬರಿಗೆ ತಮ್ಮ ಮುಚ್ಚಿದ ಹೋಟೆಲಿನಲ್ಲಿ ಧೂಳು ತಿನ್ನುತ್ತಿದ್ದ ಹಾಡಿನ ಪೆಟ್ಟಿಗೆ, ಜ್ಯೂಕ್‌ಬಾಕ್ಸ್, ನೆನಪಾಯಿತು. ಬೆಳಿಗ್ಗೆಯೇ ವಾಸಪ್ಪನ ಬಳಿ ಬಂದರು.

"ಹದಿನೇಳನೇ ನಂಬರ್ ಹಾಡು ಅಂದ್ರೆ ಅವಳಿಗೆ ಜೀವ, ಮಾರಾಯ. ಇವತ್ತು ಅದು ಹಾಡಿ, ಅವಳು ಒಂದೇ ಒಂದು ಮಾತಾಡಲಿ, ಕೋಣೆ ನಿಂದೇ. ರಫೀಕ್‌ಗೆ ನಾನು ಹೇಳ್ಕೊಳ್ತೇನೆ."

ಗುಂಡಿ ಒತ್ತಿದರೆ ಪೆಟ್ಟಿಗೆಯೊಳಗಿನ ಕಬ್ಬಿಣದ ಕೈ ಸಾಲಿನಲ್ಲಿ ನಿಂತ ರೆಕಾರ್ಡುಗಳಲ್ಲಿ ಒಂದನ್ನು ಎತ್ತಿ ಮುಳ್ಳಿಗೆ ಒಡ್ಡಬೇಕು. ವಾಸಪ್ಪ ಹೋಟೆಲಿಗೆ ಹೋಗಿ ಹಿಂಬದಿ ಬಿಚ್ಚಿ ನೋಡಿದರೆ ಆ ಕೈ ಹಲಸಿನ ಮೇಣಕ್ಕೆ ಸಿಕ್ಕ ಹಾಗೆ ಅಂಟಿಕೊಂಡಿತ್ತು. ತಿರುಗುವ ವಸ್ತು ಕಂಡಲ್ಲೆಲ್ಲ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಕಡೆಯ ಜನರ ಹುಟ್ಟುಗುಣ. ವರ್ಷಗಟ್ಟಲೆ ಬಿಟ್ಟ ಎಣ್ಣೆ ಹಲ್ಲುಚಕ್ರಗಳ ಸಂದಿಯಲ್ಲೆಲ್ಲ ಗಟ್ಟಿಯಾಗಿ ಕೂತಿತ್ತು. ಅದನ್ನೆಲ್ಲ ಊಟ ಬಿಟ್ಟು ಕೆರೆದ.

ಅಷ್ಟರಲ್ಲಿ ಪಕ್ಕದ ಟೈಲರ್ ಯಶವಂತ ಬಂದ. ಬಂದವನು ಸುಮ್ಮನಿರಬೇಕಲ್ಲ, ರೆಕಾರ್ಡುಗಳನ್ನೆಲ್ಲ ಹೊರಗೆ ತೆಗೆದು ಒರೆಸಿ, ಕೈಗೆ ಬಂದ ಕ್ರಮದಲ್ಲಿ ವಾಪಸ್ ಇಟ್ಟ. ಹದಿನೇಳನೆಯದು ಯಾವುದೆಂದು ಸಾಹೇಬರನ್ನೇ ಕರೆಸಿ ಗುರುತು ಹಿಡಿಸುವಷ್ಟರಲ್ಲಿ ಮೂರು ಗಂಟೆಯಾಯಿತು. ವಾಸಪ್ಪ ಒಂದು ಲೋಟ ಚಾ ಕುಡಿದು ಬರುವುದರೊಳಗೆ ಹೂವಿನಂಗಡಿಯ ಸುಬ್ಬಮ್ಮ, ಪಾಪ ಒಬ್ಬನೇ ಒದ್ದಾಡುತ್ತಾನೆ ಎಂಬ ಕನಿಕರದಿಂದ, ಚಕ್ರಗಳಿಗೆ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಸುರಿದಿದ್ದಳು. ಡಿಸೆಂಬರಿನ ಚಳಿ, ಐದು ಗಂಟೆಗೇ ಎಣ್ಣೆ ಬೆಣ್ಣೆಯಾಯಿತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ವಾಸಪ್ಪನಿಗೆ ಗೋಳೋ ಎಂದು ಅಳಬೇಕೆನ್ನಿಸಿತು. ಅಳಲು ಪುರಸೊತ್ತಿಲ್ಲದ್ದರಿಂದ ಪೆಟ್ರೋಲಿನಲ್ಲಿ ಎಲ್ಲ ತೊಳೆದ. ತೊಳೆಯುವಾಗ ಚಕ್ರ ತಿರುಗಿ ಬೆರಳಿನ ಉಗುರು ಕಿತ್ತುಬಂತು. ಅದಕ್ಕೆ ಬಟ್ಟೆ ಸುತ್ತಿಕೊಂಡೇ ಗುಂಡಿ ಒತ್ತಿದ.

ಕೈ ಮೆಲ್ಲಗೆ ಸರಿಯಿತು, ರೆಕಾರ್ಡು ಎತ್ತಿತು, ಹಾಡು ಹೊರಟಿತು. ಹೋಟೆಲಿಗೂ ಮನೆಗೂ ನಡುವೆ ಒಂದೇ ಗೋಡೆ. ಎಲ್ಲರೂ ಅಮೀರ್ ಬೀಯ ಮಂಚದ ಸುತ್ತ ಓಡಿದರು. ಆಕೆಯ ಕಣ್ಣಲ್ಲಿ ನೀರು ಬಂತು. ಸಾಹೇಬರೂ ಅತ್ತರು, ಸುಬ್ಬಮ್ಮನೂ ಅತ್ತಳು. ಅಮೀರ್ ಬೀಯ ತುಟಿ ನಡುಗಿ, ಮಾತು ತಡೆತಡೆದು ಹೊರಬಂತು.

"ಇದನ್ನ ಸರಿ ಮಾಡಿದ್ದು ಯಾರು?"

ಸುಬ್ಬಮ್ಮ ವಾಸಪ್ಪನನ್ನು ಮುಂದಕ್ಕೆ ತಳ್ಳಿದಳು. ನಾನೇ ಅಮ್ಮ ಎಂದು ಅವನು ಬಟ್ಟೆ ಸುತ್ತಿದ ಬೆರಳನ್ನೂ ತೋರಿಸಿದ. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಇಷ್ಟು ಸಂತೋಷ ಆದದ್ದೇ ಇಲ್ಲ.

ಆಕೆ ಗಂಡನ ಕಡೆ ತಿರುಗಿದಳು. "ಇಪ್ಪತ್ತೆರಡು ವರ್ಷ ಈ ಗೋಡೆ ಹಿಂದೆ ಈರುಳ್ಳಿ ಹೆಚ್ಚುತ್ತಾ ಇದೇ ಹಾಡು ಕೇಳಿದ್ದೇನೆ, ಬೆಳಿಗ್ಗೆಯಿಂದ ರಾತ್ರಿವರೆಗೆ. ಅದು ಕೆಟ್ಟ ದಿನ ನಾನು ಬದುಕಿದೆ. ಇವನು ಇಲ್ಲಿದ್ರೆ ಕೆಟ್ಟಾಗೆಲ್ಲ ಸರಿ ಮಾಡ್ತಾನೆ. ಮೊದಲು ಇವನನ್ನ ಆ ಕೋಣೆಯಿಂದ ಎಬ್ಬಿಸಿ."

ಸಾಹೇಬರು ವಾಸಪ್ಪನ ಎರಡೂ ಕೈ ಹಿಡಿದುಕೊಂಡರು. ಅವರ ಗಡ್ಡವೆಲ್ಲ ಆನಂದಬಾಷ್ಪದಿಂದ ಒದ್ದೆಯಾಗಿತ್ತು.

"ನಿನ್ನ ಉಪಕಾರ ಸಾಯೋವರೆಗೂ ಮರೆಯೋದಿಲ್ಲ ಮಾರಾಯ. ಎಂಟು ತಿಂಗಳಾದ ಮೇಲೆ ಬಾಯಿಬಿಟ್ಟು ಇದೊಂದು ಕೇಳಿದ್ದಾಳೆ, ಹೇಗೆ ಇಲ್ಲ ಅನ್ಲಿ? ತಿಂಗಳ ಕೊನೆವರೆಗೆ ಕಾಯೋದು ಬೇಡ, ನಾಳೆ ಬೆಳಿಗ್ಗೆನೇ ಖಾಲಿ ಮಾಡ್ಕೊಡು."