ಆಲೂರು ಬಂತು, ಹಾಡು ಬರಲಿಲ್ಲ

ಹಾಡಲು ಬಾರದವನಿಗೆ ಹಾಡುವ ಆಸೆ ಇರಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ನನಗಂತೂ ಈ ಆಸೆ ಬುದ್ಧಿ ತಿಳಿದಾಗಿನಿಂದ ಇದೆ, ಅದಕ್ಕೆ ತಕ್ಕ ಶಾರೀರ ಮಾತ್ರ ಇನ್ನೂ ಬಂದಿಲ್ಲ. ಇಂಥವರಿಗಾಗಿಯೇ ದೇವರು ಬಚ್ಚಲುಮನೆಯನ್ನು ಕರುಣಿಸಿದ್ದಾನೆ ಎನ್ನುತ್ತಾರೆ. ಆದರೆ ಸಕಲೇಶಪುರದ ನಮ್ಮ ಬಾಡಿಗೆ ಮನೆಯಲ್ಲಿ ಬಚ್ಚಲಿನ ಗೋಡೆಗೆ ಅಂಟಿಕೊಂಡೇ ಮಾಲೀಕರ ದೇವರ ಕೋಣೆ ಇದೆ. ನಾನು ಅಲ್ಲಿ ಬಾಯಿಬಿಟ್ಟ ಮೊದಲ ವಾರವೇ ಮಾಲೀಕರು ಬಂದು, ಬಹಳ ನಯವಾಗಿ, "ನಿಮ್ಮ ಗೀಜರ್‌ಗೆ ಏನೋ ಆಗೈತೆ ಅನ್ಸುತ್ತೆ ಸಾರ್, ಬೆಳಿಗ್ಗೆ ಬೆಳಿಗ್ಗೆ ಒಳಗಿಂದ ಒಂಥರಾ ಸದ್ದು ಬರ್ತೈತೆ. ಯಾರನ್ನಾದ್ರೂ ಕರೆಸ್ಲಾ?" ಎಂದರು. ಬೇಡ, ತಾನಾಗಿಯೇ ಸರಿಹೋಗುತ್ತದೆ ಎಂದೆ. ಅಂದಿನಿಂದ ಸರಿಹೋಯಿತು. ಇನ್ನು ಮನೆಯೊಳಗಿನ ಮಾತು. ನನ್ನ ಹೆಂಡತಿ ಸುಮಿತ್ರಾ ಇಷ್ಟು ವರ್ಷಗಳಲ್ಲಿ ನನ್ನ ಹಾಡಿನ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಿದವಳಲ್ಲ. ನಾನು ಪಲ್ಲವಿ ಎತ್ತಿದ ಕೂಡಲೇ ಅವಳಿಗೆ ಚಟ್ನಿ ರುಬ್ಬುವುದು ನೆನಪಾಗುತ್ತದೆ, ಅಷ್ಟೆ. ನಮ್ಮ ಮನೆಯಲ್ಲಿ ಕೆಲವು ದಿನ ಮೂರು ಬಗೆಯ ಚಟ್ನಿ ಇರುತ್ತಿತ್ತು.

ಹೀಗಾಗಿ ನಾನು ಕಾರು ಕೊಂಡೆ. ಆಲೂರಿನ ಒಂದು ಕಚೇರಿಯಲ್ಲಿ ನನ್ನ ಕೆಲಸ. ದಿನಾ ಬಸ್ಸಿನಲ್ಲಿ ಓಡಾಡಿ ಸೊಂಟ ಹೋಯಿತು ಎಂದು ಎಲ್ಲರಿಗೂ ಹೇಳಿದೆ, ಸುಮಿತ್ರಾಗೂ ಅದನ್ನೇ ಹೇಳಿದೆ. ನಿಜ ಏನೆಂದರೆ ನನಗೆ ಬೇಕಾಗಿದ್ದದ್ದು ಗಾಜು ಮುಚ್ಚಿದ, ಯಾರ ಗೋಡೆಗೂ ಅಂಟಿಕೊಳ್ಳದ, ಮಿಕ್ಸಿ ಇಲ್ಲದ ಒಂದು ಕೋಣೆ. ಅದಕ್ಕೆ ನಾಲ್ಕು ಚಕ್ರ ಇದ್ದದ್ದು ಹೆಚ್ಚಿನ ಅನುಕೂಲವಾಯಿತು. ಕಾರು ಹಳೆಯದು, ಯಾರೋ ಓಡಿಸಿ ಬಿಟ್ಟಿದ್ದು. ಅದರಲ್ಲಿ ಒಂದು ಸ್ಟೀರಿಯೋ ಇತ್ತು, ಪೆನ್‌ಡ್ರೈವ್ ಚುಚ್ಚುವುದಕ್ಕೆ ಒಂದು ತೂತೂ ಇತ್ತು. ಫೋನಿನಿಂದ ಗಾಳಿಯಲ್ಲಿ ಹಾಡು ಎಳೆದುಕೊಳ್ಳುವ ಹೊಸ ಕಾಲದ ವಿದ್ಯೆ ಅದಕ್ಕೆ ಗೊತ್ತಿರಲಿಲ್ಲ. ರೇಡಿಯೋ ಹಾಕಿದರೆ ನಮ್ಮ ಗುಡ್ಡಗಳ ನಡುವೆ ಕೊಬ್ಬರಿ ಎಣ್ಣೆ ಕಾಯಿಸಿದ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ. ಪೆನ್‌ಡ್ರೈವೇ ಗತಿ. ನಾನು ಒಬ್ಬನೇ ಹಾಡಲಾರೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಮುಂದೆ ಹಾಡು ನಡೆಯುತ್ತಿರಬೇಕು, ನಾನು ಅದರ ಸೆರಗು ಹಿಡಿದು ಹಿಂದೆ ಹೋಗಬೇಕು. ಸೆರಗು ತಪ್ಪಿದರೆ ನಾನು ಯಾವ ಕಾಡು ಸೇರುತ್ತೇನೋ ನನಗೇ ಗೊತ್ತಿಲ್ಲ.

ಮೊದಲ ಕೆಲವು ತಿಂಗಳು ಸ್ವರ್ಗವಾಗಿತ್ತು. ಮನೆಯ ಮುಂದೆ ಕೀಲಿ ತಿರುಗಿಸಿದರೆ ಸ್ಟೀರಿಯೋದ ಪುಟ್ಟ ಪರದೆಯ ಮೇಲೆ ನೀಲಿ ಅಕ್ಷರದಲ್ಲಿ 'ಲೋಡಿಂಗ್' ಎಂದು ಬರುತ್ತಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಬರುವ ಹೊತ್ತಿಗೆ ಹಾಡು ಶುರು. ಅಲ್ಲಿ ನನ್ನ ಇಬ್ಬರು ಜೊತೆಗಾರರು ಹತ್ತುತ್ತಿದ್ದರು. ಒಬ್ಬರು ನಮ್ಮ ಕಚೇರಿಯ ವಿಮಲಾ ಮೇಡಂ. ಇನ್ನೊಬ್ಬರು ಆಲೂರಿನಲ್ಲಿ ಕಾಫಿ, ಮೆಣಸು ಕೊಳ್ಳುವ ಮಂಡಿ ಇಟ್ಟಿರುವ ಬಷೀರ್ ಭಾಯಿ. ದಾರಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತ ಪರಿಚಯದವರನ್ನು ಬಿಟ್ಟು ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ, ಹಾಗೆ ಹತ್ತಿದವರು ಕಾಯಂ ಆದರು. ನನಗೂ ಬೇಕಿತ್ತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಎದ್ದು ಹೋಗಲಾರದ ಶ್ರೋತೃಗಳು ಸಿಕ್ಕಿದ್ದರು. ಬಾಳುಪೇಟೆ ದಾಟಿ ಆಲೂರಿನವರೆಗೆ ನಾನು ಎದೆ ತುಂಬಿ ಹಾಡುತ್ತಿದ್ದೆ. ಅವರು ಕಿಟಕಿಯ ಆಚೆ ನೋಡುತ್ತಾ ಮೌನವಾಗಿ ಕೂತಿರುತ್ತಿದ್ದರು. ತನ್ಮಯತೆ ಎಂದುಕೊಂಡೆ.

ಒಂದು ಹಬ್ಬಕ್ಕೆ ವಿಮಲಾ ಮೇಡಂ, "ನಿಮಗೆ ಹಾಡಂದ್ರೆ ಇಷ್ಟ ಅಲ್ವಾ ಸಾರ್, ನನ್ನ ಹತ್ರ ಒಂದಷ್ಟು ದೇವರ ನಾಮ ಅವೆ. ಕೊಡಿ ಹಾಕ್ಕೊಂಡು ಬರ್ತೀನಿ" ಎಂದು ಪೆನ್‌ಡ್ರೈವ್ ಒಯ್ದು ತುಂಬಿಸಿ ತಂದರು. ನನ್ನ ಕಣ್ಣು ತುಂಬಿ ಬಂತು. ಹೆಂಡತಿ ಚಟ್ನಿ ಕೊಟ್ಟಿದ್ದಳೇ ಹೊರತು ಹಾಡು ಕೊಟ್ಟಿರಲಿಲ್ಲ. ಆದರೆ ಮರುದಿನದಿಂದ ಹಾಡು ಬಸ್‌ಸ್ಟ್ಯಾಂಡಿನಲ್ಲಿ ಶುರುವಾಗಲಿಲ್ಲ, ಊರು ಬಿಟ್ಟ ಮೇಲೆ ಶುರುವಾಯಿತು. ಆಮೇಲೆ ಬಷೀರ್ ಭಾಯಿ ತಮ್ಮ ಪಾಲಿನದು ತುಂಬಿಸಿದರು. ಹಾಡು ಬಾಳುಪೇಟೆಗೆ ಹೋಯಿತು. ವಿಮಲಾ ಮೇಡಂ ಮತ್ತೆ ಒಯ್ದರು. ಪೆನ್‌ಡ್ರೈವ್ ಸಾಲದು ಎಂದು ದೊಡ್ಡದೊಂದನ್ನು ಅವರಿಬ್ಬರೇ ಸೇರಿ ನನಗೆ ಉಡುಗೊರೆ ಕೊಟ್ಟರು, ಅದನ್ನೂ ಬಾಯಿಮಟ್ಟ ತುಂಬಿಸಿಯೇ ಕೊಟ್ಟರು. ಕಾಫಿ ಮೂಟೆಗೆ ಕಾಲಲ್ಲಿ ತುಳಿದು ಬೀಜ ತುಂಬಿಸುತ್ತಾರಲ್ಲ, ಹಾಗೆ. ಅಂದಿನಿಂದ ಆಲೂರಿನ ಮೊದಲ ಮನೆ ಕಾಣಿಸಿದರೂ ಪರದೆಯ ಮೇಲೆ 'ಲೋಡಿಂಗ್' ಓಡುತ್ತಲೇ ಇರುತ್ತಿತ್ತು. ಕಚೇರಿಯ ಮುಂದೆ ಕಾರು ನಿಲ್ಲಿಸಿ ಕೀಲಿ ತಿರುಗಿಸುವ ಹೊತ್ತಿಗೆ, ಸ್ಪೀಕರ್‌ನಲ್ಲಿ 'ಆ...' ಎಂದು ಒಂದು ಆಲಾಪ ಹೊರಟು ಅಲ್ಲೇ ಸಾಯುತ್ತಿತ್ತು. ಸಂಜೆ ಕೀಲಿ ಹಾಕಿದರೆ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ.

ನನ್ನ ಆ ದಿನಗಳ ಹತಾಶೆಯನ್ನು ಹೇಗೆ ಹೇಳಲಿ? ದಿನಕ್ಕೆ ಅಷ್ಟು ಹೊತ್ತು ಮಾತ್ರ ನನ್ನದಾಗಿದ್ದದ್ದು, ಅದೂ ಹೋಯಿತು. ಪೆನ್‌ಡ್ರೈವ್ ಕಿತ್ತು ಪಂಚೆಯ ತುದಿಯಲ್ಲಿ ಒರೆಸಿದೆ, ಬಾಯಿಂದ ಊದಿದೆ, ತಂಡಿಗೆ ಹೀಗಾಗಿರಬಹುದೆಂದು ಒಂದು ಭಾನುವಾರ ಅಂಗಳದಲ್ಲಿ ಬಿಸಿಲಿಗೆ ಒಣಗಿಸಿದೆ. ಸುಮಿತ್ರಾ ಅದನ್ನು ನೋಡಿ, "ಸಂಜೆ ಒಳಗೆ ತಗೊಂಬನ್ನಿ, ಇಬ್ಬನಿ ಬೀಳ್ತದೆ" ಎಂದಳು. ಹಾಸನದಲ್ಲಿ ಸ್ಟೀರಿಯೋ ರಿಪೇರಿಯವನಿಗೆ ತೋರಿಸಿದರೆ, "ಇದಕ್ಕೆ ವಯಸ್ಸಾಗೈತೆ ಸಾರ್. ಒಳಗಿರೋದನ್ನೆಲ್ಲ ಓದಿ ಮುಗಿಸಿದ ಮೇಲೇ ಬಾಯಿ ಬಿಡೋದು. ಹಾಡು ಕಮ್ಮಿ ಮಾಡ್ಕಳಿ" ಎಂದ. ಕಡಿಮೆ ಮಾಡುವುದೆಂದರೆ ಏನು ಸುಲಭವೇ? ಪ್ರೀತಿಯಿಂದ ಇಬ್ಬರು ಕೊಟ್ಟದ್ದನ್ನು ಅಳಿಸುವುದು ಹೇಗೆ? ಕೊಟ್ಟವರು ಕಾರಿನಲ್ಲೇ ಕೂತಿರುತ್ತಾರೆ. ವಿಮಲಾ ಮೇಡಂ ದಿನಾ ಬೆಳಿಗ್ಗೆ, "ಇವತ್ತೂ ಲೋಡ್ ಆಗ್ಲಿಲ್ವಾ ಸಾರ್? ಪಾಪ" ಎನ್ನುತ್ತಿದ್ದರು. ಬಷೀರ್ ಭಾಯಿ, "ಆಗ್ತೈತೆ ಬಿಡಿ, ಆತುರ ಏನೈತೆ" ಎನ್ನುತ್ತಿದ್ದರು. ಇಷ್ಟು ಒಳ್ಳೆಯ ಜನರಿಗೆ ನನ್ನ ಹಾಡು ಕೇಳಿಸಲಾಗುತ್ತಿಲ್ಲವಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಬಾಳುಪೇಟೆ ದಾಟಿದ ಮೇಲೆ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಖಾಕಿ ಅಂಗಿಯ ಕಾವಲಿನವನೊಬ್ಬ ಕಿಟಕಿಯ ಬಳಿ ಬಂದು, ಪಿಸುದನಿಯಲ್ಲಿ, "ಆನೆ ಅವೆ ಕಣ್ರೀ, ಮರಿ ಕಟ್ಕೊಂಡು ರೋಡ್ ದಾಟ್ತಾ ಅವೆ. ಗಾಡಿ ಆಫ್ ಮಾಡಿ. ಹಾರನ್ ಗೀರನ್ ಹೊಡೆದ್ಗಿಡೆದೀರಾ, ಒಂದು ಸದ್ದೂ ಆಗ್ಬಾರ್ದು" ಎಂದು ಹೋದ. ನಮ್ಮ ಕಡೆ ಇದೇನು ಹೊಸದಲ್ಲ. ಆನೆ ದಾಟಿತು ಎಂದರೆ ಕಚೇರಿಗಳಲ್ಲಿ ತಡವಾಗಿ ಬಂದದ್ದಕ್ಕೆ ಬೇರೆ ಕಾರಣ ಕೇಳುವುದಿಲ್ಲ. ಎಂಜಿನ್ ಆರಿಸಿದೆ. ಆದರೆ ಕೀಲಿಯನ್ನು ಪೂರ್ತಿ ತಿರುಗಿಸಲು ಮನಸ್ಸು ಬರಲಿಲ್ಲ. ತಿರುಗಿಸಿದರೆ ಅಲ್ಲಿಯವರೆಗೆ ಆದ ಲೋಡಿಂಗ್ ಎಲ್ಲ ಮಣ್ಣುಪಾಲು. ಸ್ಟೀರಿಯೋಗೆ ಜೀವ ಉಳಿಯುವಂತೆ ಅರ್ಧಕ್ಕೇ ಬಿಟ್ಟೆ. ನೀಲಿ ಅಕ್ಷರ ಓಡುತ್ತಿತ್ತು. ಮುಂದೆ ಕಾಫಿ ಗಿಡಗಳು ಅಲ್ಲಾಡಿದವು, ದೊಡ್ಡದೊಂದು ಹೆಣ್ಣಾನೆ ಡಾಂಬರಿಗೆ ಕಾಲಿಟ್ಟಿತು. ಸಾಲಿನಲ್ಲಿದ್ದ ಬಸ್ಸು, ಲಾರಿ, ಜೀಪುಗಳ ಜನರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಆ ಮೌನದಲ್ಲಿ, ತಿಂಗಳುಗಟ್ಟಲೆ ದಾರಿಯಲ್ಲಿ ಆಗದೇ ಇದ್ದ ಲೋಡಿಂಗ್ ಮುಗಿಯಿತು.

ಧ್ವನಿಯನ್ನು ನಾನು ಯಾವಾಗಲೂ ಹಾಡಲು ಬೇಕಾದಷ್ಟು ಎತ್ತರಕ್ಕೇ ಇಟ್ಟಿರುತ್ತೇನೆ. ಒಳಗಿರುವುದರಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳುವುದು ಎಂಬುದು ಆ ಸ್ಟೀರಿಯೋದ ಇಷ್ಟ, ಅಂದು ಸ್ಪೀಕರ್‌ನಿಂದ ಹಾಡು ಬರಲಿಲ್ಲ. ಬಷೀರ್ ಭಾಯಿಯ ಧ್ವನಿ ಬಂತು. "ಮಗ್ಗೆ ಕಡೆ ಮಾಲಾ? ಒಣಗೈತಾ ಸರಿಯಾಗಿ? ಹೋದ್ ಸಲ ಹಸಿ ಮೆಣಸು ಕೊಟ್ಬುಟ್ಟಲ್ಲ ಮಾರಾಯ!" ಮೆಣಸಿನ ದರವನ್ನು ಫೋನಿನಲ್ಲಿ ಒಪ್ಪಿಕೊಂಡು ಮರುದಿನ ಇಲ್ಲ ಎನ್ನುವ ಬೆಳೆಗಾರರ ಕಾಟಕ್ಕೆ ಭಾಯಿ ತಮ್ಮ ಫೋನಿನ ಮಾತೆಲ್ಲ ತಾನಾಗಿಯೇ ರೆಕಾರ್ಡ್ ಆಗುವ ಹಾಗೆ ಇಟ್ಟುಕೊಂಡಿದ್ದರು. ಪೆನ್‌ಡ್ರೈವ್ ತುಂಬಿದರೆ ಸಾಕು ಎಂಬ ಅವಸರದಲ್ಲಿ ಫೋನಿನಲ್ಲಿದ್ದದ್ದನ್ನೆಲ್ಲ ಹಾಗೆ ಹಾಗೇ ಅದಕ್ಕೆ ಸುರಿದಿದ್ದರು. ಹಿಂದಿನಿಂದ ಭಾಯಿ, "ಆಫ್ ಮಾಡಿ, ಆಫ್ ಮಾಡಿ" ಎಂದು ಪಿಸುಗುಟ್ಟಿದರು. ಗಾಬರಿಯಲ್ಲಿ ನಾನು ಒತ್ತಿದ್ದು ಆಫ್ ಅಲ್ಲ, ಮುಂದಿನದು. ಈಗ ವಿಮಲಾ ಮೇಡಂ ಧ್ವನಿ, ಸ್ಪಷ್ಟವಾಗಿ, ಆನೆಗೂ ಕೇಳಿಸುವಷ್ಟು ಜೋರಾಗಿ ಬಂತು.

"ನಿನ್ನೆ ನೀವ್ ಬರ್ಲಿಲ್ಲ, ಆಲೂರು ಬರೋಕ್ ಮುಂಚೆನೇ ಲೋಡ್ ಆಗ್ಬುಡ್ತು ಕಣ್ರೀ ಭಾಯಿ. ಒಂದೂವರೆ ಹಾಡು ಹಾಡ್ಬುಟ್ರು. ಮಧ್ಯಾಹ್ನದವರೆಗೂ ನನ್ನ ತಲೆನೋವು ಹೋಗ್ಲಿಲ್ಲ. ಇನ್ನೊಂದಷ್ಟು ತುಂಬ್ಸಿ, ಏನಾದ್ರೂ ತುಂಬ್ಸಿ."

"ನಂದೆಲ್ಲ ಹಾಕಾಯ್ತಲ್ಲ ಮೇಡಂ. ಬರೀ ಹಾಡು ಎಲ್ಲಿಂದ ತರಾನ? ದೊಡ್ಡ ಪೆನ್‌ಡ್ರೈವೇ ಒಂದು ಕೊಡ್ಸಾನ ಬಿಡಿ. ಮನುಷ್ಯ ಒಳ್ಳೇವ್ರು, ಬಸ್ಸಿಗೆ ಹೋಗೋಕೂ ಮನಸ್ಸು ಬರಾಕಿಲ್ಲ."

ಅಷ್ಟರಲ್ಲಿ ಕಾವಲಿನವನು ಓಡಿ ಬಂದು ಕಿಟಕಿ ಬಡಿದು, "ನಿಮ್ಮ ಹಾಡು ನಿಲ್ಸಿ ಸ್ವಾಮಿ, ಆನೆ ತಿರುಗ್ಬುಡ್ತದೆ!" ಎಂದ. ಹಾಡಲ್ಲ ಎಂದು ಅವನಿಗೆ ಹೇಳುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಕೀಲಿಯನ್ನು ಪೂರ್ತಿ ತಿರುಗಿಸಿದೆ. ಹೆಣ್ಣಾನೆ ಕಿವಿ ಅಗಲಿಸಿ ನಮ್ಮ ಕಡೆಗೆ ಒಮ್ಮೆ ನೋಡಿತು, ಮರಿಯನ್ನು ಮುಂದೆ ತಳ್ಳಿಕೊಂಡು ತೋಟಕ್ಕೆ ಇಳಿಯಿತು. ಅದು ನಮ್ಮ ಕಡೆ ನುಗ್ಗಿ ಬಂದಿದ್ದರೂ ಆ ಹೊತ್ತಿನಲ್ಲಿ ನನಗೇನೂ ಬೇಸರವಾಗುತ್ತಿರಲಿಲ್ಲ. ಆಲೂರಿನಲ್ಲಿ ಇಳಿದು ವಿಮಲಾ ಮೇಡಂ ಕಣ್ಣೊರೆಸಿಕೊಂಡು ಕಚೇರಿಯ ಒಳಗೆ ಹೋದರು. ಬಷೀರ್ ಭಾಯಿ ಕೆಳಗಿಳಿದು ಬಾಗಿಲು ಹಾಕದೆ ನಿಂತರು. "ಬೇಜಾರ್ ಮಾಡ್ಕಬೇಡಿ ಸಾರ್" ಎಂದರು. ಇಲ್ಲ ಎಂದೆ. ಬಹಳ ಬೇಜಾರಾಗಿತ್ತು. ನನ್ನ ಧ್ವನಿ ಕೆಟ್ಟದ್ದು ಎಂಬುದಕ್ಕಲ್ಲ, ಅದು ಮಿಕ್ಸಿಯಿಂದ ನನಗೆ ಗೊತ್ತೇ ಇತ್ತು. ಆ ಮೌನವನ್ನು ನಾನು ತನ್ಮಯತೆ ಎಂದುಕೊಂಡಿದ್ದೆನಲ್ಲ, ಅದಕ್ಕೆ.

ಅಂದು ಮನೆಗೆ ಬಂದವನೇ ಪೆನ್‌ಡ್ರೈವಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ನನಗೆ ಪ್ರಾಣವಾದ ಬೆರಳೆಣಿಕೆಯ ಹಾಡುಗಳನ್ನು ಮಾತ್ರ ಉಳಿಸಿಕೊಂಡೆ. ನಾಚಿಕೆಗೋ ಏನೋ, ಮರುದಿನ ಅವರಿಬ್ಬರೂ ಬಸ್ಸಿಗೆ ಹೋಗಿದ್ದರು. ಕೀಲಿ ತಿರುಗಿಸಿ ಸೀಟ್‌ಬೆಲ್ಟ್ ಹಾಕಿಕೊಳ್ಳುವುದರೊಳಗೆ ಹಾಡು ಬಂತು. ಇಡೀ ದಾರಿ ನನ್ನದು, ಇಡೀ ಕಾರು ನನ್ನದು. ಊರು ಬಿಡುವುದರಿಂದ ಹಿಡಿದು ಆಲೂರಿನವರೆಗೆ ಗಂಟಲು ಹರಿಯುವಂತೆ ಹಾಡಿದೆ. ಒಂದು ಕಡೆ ಎತ್ತರದ ಸ್ಥಾಯಿ ಸಲೀಸಾಗಿ ಬಂದೇಬಿಟ್ಟಿತು, ನಿಜವಾಗಿಯೂ ಬಂತು. ಸಂತೋಷಕ್ಕೆ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ಖಾಲಿ ಸೀಟಿನ ಮೇಲೆ ನನ್ನ ಊಟದ ಚೀಲ ಒರಗಿಕೊಂಡು ಕೂತಿತ್ತು. ಮತ್ತೆ ಹಾಡಲು ಮನಸ್ಸಾಗಲಿಲ್ಲ.

ಆಮೇಲಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸಿಗೆ ನಿಂತಿದ್ದರು, ನನ್ನ ಕಾರು ಕಂಡು ಆಚೆ ತಿರುಗಿಕೊಂಡರು. ನಾನು ಪಕ್ಕಕ್ಕೇ ತಂದು ನಿಲ್ಲಿಸಿ ಬಾಗಿಲು ತೆಗೆದೆ. "ಹತ್ತಿ, ಹೊತ್ತಾಯ್ತು" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹತ್ತಿದರು. ಆನೆ ಈಗ ಯಾರ ತೋಟದಲ್ಲಿದೆಯೋ ಎಂದು ಭಾಯಿ ಮಾತು ತೆಗೆದರು, ಮೇಡಂ ಹೂಂಗುಟ್ಟಿದರು. ಕೀಲಿ ತಿರುಗಿಸಿದೆ. ಪರದೆಯ ಮೇಲೆ ನೀಲಿ ಅಕ್ಷರ ಮಿನುಗಿ ಮಾಯವಾಯಿತು, ಆ ಕ್ಷಣವೇ ನನಗೆ ಎಲ್ಲಕ್ಕಿಂತ ಇಷ್ಟದ ಹಾಡಿನ ವಾದ್ಯಗಳು ಶುರುವಾದವು. ನಾನು ಉಸಿರು ಎಳೆದುಕೊಂಡೆ. ಕನ್ನಡಿಯಲ್ಲಿ ವಿಮಲಾ ಮೇಡಂ ಸೂಜಿ ಚುಚ್ಚಿಸಿಕೊಳ್ಳುವವರ ಹಾಗೆ ಕಣ್ಣು ಮುಚ್ಚಿಕೊಂಡರು. ಬಷೀರ್ ಭಾಯಿ ನಗುವಿನಂಥದ್ದೊಂದನ್ನು ಮುಖದ ಮೇಲೆ ತಂದುಕೊಂಡು, ಬಾಗಿಲ ಮೇಲಿನ ಹಿಡಿಯನ್ನು ಭದ್ರವಾಗಿ ಹಿಡಿದರು. ಇಬ್ಬರೂ ತಯಾರಾಗಿಯೇ ಹತ್ತಿದ್ದರು, ಆಲೂರಿನವರೆಗೂ ಸಹಿಸಿಕೊಳ್ಳುವುದೆಂದು.

ಪಲ್ಲವಿಗೆ ಇನ್ನು ಒಂದು ಮಾತ್ರೆ ಇರುವಾಗ ನನ್ನ ಕೈ ತಾನಾಗಿ ಮುಂದೆ ಹೋಗಿ ಪೆನ್‌ಡ್ರೈವನ್ನು ಕಿತ್ತಿತು.

"ಮತ್ತೆ ಕೈಕೊಡ್ತು ನೋಡಿ, ದರಿದ್ರದ್ದು" ಎಂದೆ.

"ಅಯ್ಯೋ! ಛೇ ಛೇ!" ಎಂದರು ಇಬ್ಬರೂ, ಒಂದೇ ಉಸಿರಿಗೆ, ಒಂದೇ ಶ್ರುತಿಯಲ್ಲಿ. ನಾನು ಹಾಡಿದಾಗ ಯಾರ ಬಾಯಿಂದಲೂ ಇಷ್ಟು ಮನಸಾರೆ ಒಂದು ಮಾತು ಬಂದದ್ದಿಲ್ಲ.