ಪುಡಿಯಣ್ಣನ ರಜೆ

ಪುಡಿಯಣ್ಣ ಊಟಕ್ಕೆಂದು ಲ್ಯಾಬಿನಿಂದ ಹೊರಬಿದ್ದದ್ದೇ ತಪ್ಪಾಯಿತು.

ಟೈಟೇನಿಯಂ ಆಕ್ಸೈಡಿನ ಬಿಳಿ ಪುಡಿಯೊಂದಿಗೆ ಏಗಿ ಏಗಿ ಬಂದ ಹೆಸರು ಅದು. ಕಣ್ಣಿಗೆ ಕಾಣದ ಕಣ, ಕಣದ ಮೈತುಂಬ ತೂತು. ಫರ್ನೇಸೆಂಬ ಕರೆಂಟಿನ ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿದರೆ ಒಳಗಿನ ಪರಮಾಣುಗಳು ಅವನ ಪಿಎಚ್‌ಡಿಯ ಮೇಷ್ಟ್ರಿಗೆ ಬೇಕಾದ ಸಾಲಿಗೆ ನಿಲ್ಲುತ್ತಿದ್ದವು. ಆದರೆ ಅಷ್ಟು ಕಾವಿಗೆ ತೂತುಗಳು ಮುಚ್ಚಿಹೋಗುತ್ತಿದ್ದವು. ಕಾವು ತಗ್ಗಿಸಿದರೆ ತೂತು ಉಳಿದು ಸಾಲು ಕೆಡುತ್ತಿತ್ತು. ಮೇಷ್ಟ್ರಿಗೆ ಎರಡೂ ಬೇಕು. "ಅದೊಂದು ಮಾಡ್ಕೊಟ್ಬಿಡಪ್ಪ, ಆಮೇಲೆ ಎಷ್ಟು ದಿನ ಬೇಕೋ ರಜ ತಗೋ" ಎಂದಿದ್ದರು.

ಆ ರಜೆಯ ಆಚೆ ತುದಿಯಲ್ಲಿ, ಇನ್ನೊಂದು ಊರಿನ ಕೆಲಸದಲ್ಲಿ, ಹೆಂಡತಿಯಿದ್ದಳು. ಮದುವೆಯಾದ ಮೇಲೆ ಜೊತೆಗಿದ್ದದ್ದಕ್ಕಿಂತ ಫೋನಿನಲ್ಲಿದ್ದದ್ದೇ ಹೆಚ್ಚು. ಅವಳ ಮುಖ ನೆನೆದರೆ ಫೋನಿನ ಅಂಚೂ ಸೇರಿಯೇ ನೆನಪಾಗುತ್ತಿತ್ತು. ಕಳೆದ ಸಲ ಬಂದಾಗ ಅವಳ ಕೂದಲೆಳೆಯೊಂದು ದಿಂಬಿಗೆ ಅಂಟಿಕೊಂಡಿತ್ತೆಂದು ಅವನು ದಿಂಬಿನ ಚೀಲವನ್ನು ಇಂದಿಗೂ ಒಗೆದಿರಲಿಲ್ಲ.

ಊಟ ಮುಗಿಸಿ ಬಂದರೆ ಫರ್ನೇಸಿನ ಮುಂದೆ ಸಂತೆ. ಒಳಗೆ ಪುಡಿ ತುಂಬಿಟ್ಟಿದ್ದ ಅವನ ಮೂಸೆಯ ಪಕ್ಕದಲ್ಲಿ ಇನ್ನೊಂದು ಮೂಸೆ. ಪರದೆಯ ಮೇಲೆ ಕಾವಿನ ಗೆರೆ ಏರಿ, ಬಿದ್ದು, ಮತ್ತೆ ನೆಗೆದು, ಕುಡಿದವನ ರುಜುವಿನಂತಿತ್ತು.

"ಅಕ್ಕಾ, ಬಾಗಿಲು ತೆಗೆದ್ರಾ?"

ಸೀನಿಯರ್ ಅಕ್ಕ ಮೂಗಿನಲ್ಲೇ ರಾಗ ಎಳೆದಳು. "ನಾನ್ಯಾಕೋ ತೆಗೀಲಿ? ಆ ಮೂಸೆ ಯಾರದೋ ಏನೋ."

"ಸ್ವಿಚ್ಚು ಮುಟ್ಟೇ ಇಲ್ಲ ಸ್ವಾಮಿ" ಎಂದ ವೈರಿಂಗ್ ನೋಡಲು ಬಂದಿದ್ದ ಎಲೆಕ್ಟ್ರಿಷಿಯನ್. "ಆಫ್ ಮಾಡಿದ್ರೂ ತಿರ್ಗಾ ಆನ್ ಮಾಡಿರ್ತೀನಲ್ಲ?"

ಕಂಡವರನ್ನೆಲ್ಲ ಭಾವ ಎನ್ನುವ ಪಕ್ಕದ ಬೆಂಚಿನವನು ಗಂಟಲು ಸರಿಮಾಡಿಕೊಂಡ. "ನಾನು ಬರೀ ನೋಡ್ದೆ ಭಾವ. ಕಾವು ಜಾಸ್ತಿ ಮಾಡಿದ್ದು ನಾನಲ್ಲ."

ಅಷ್ಟರಲ್ಲಿ ಫೋನು. "ಏನ್ರೀ, ಟಿಕೆಟ್ ತಗೊಂಡ್ರಾ?"

"ಪುಡಿ ಕೆಟ್ಟೋಯ್ತು ಕಣೆ. ಈ ಸಲಾನೂ ಆಗಲ್ಲ ಅನ್ಸತ್ತೆ."

"ಹೋಗ್ಲಿ ಬಿಡಿ. ಫೋನ್ ಮಾತ್ರ ಇಡ್ಬೇಡಿ, ನಾನು ಪಾತ್ರೆ ತೊಳ್ಕೊತೀನಿ." ಅವನು ಗೋಡೆಗೊರಗಿ, ಅಷ್ಟು ದೂರದ ನಲ್ಲಿಯ ಸದ್ದನ್ನು ಕಣ್ಣುಮುಚ್ಚಿ ಕೇಳಿದ.

ಪುಡಿ ಆರಿದ ಮೇಲೆ, ಎಸೆಯುವ ಬದಲು ಇರಲಿ ಎಂದು ಪರೀಕ್ಷೆಗೆ ಕೊಟ್ಟ. ಸಂಜೆ ಮೇಷ್ಟ್ರು ಓಡಿಬಂದು ಅವನನ್ನು ತಬ್ಬಿಕೊಂಡರು. "ಸಾಲೂ ಸರಿ, ತೂತೂ ಸರಿ! ಹೆಂಗಯ್ಯ ಮಾಡ್ದೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮೂರು ದನಿ ಎದ್ದವು.

"ಬಾಗಿಲು ತೆಗೆದು ತಣ್ಣಗೆ ಮಾಡಿದ್ದು ನಾನು ಸರ್, ಎಲ್ಲಕ್ಕಿಂತ ಮೊದ್ಲು."

"ಕರೆಂಟ್ ತೆಗೆದಿದ್ದೇ ಮೊದ್ಲು ಸ್ವಾಮಿ."

"ಅದಕ್ಕೂ ಮುಂಚೆ ನಾನು ಕಾವು ಏರಿಸಿದ್ದೆ ಭಾವ." ಮೇಷ್ಟ್ರೂ ಭಾವನಾಗಿದ್ದರು.

ಮೇಷ್ಟ್ರು ಪುಡಿಯಣ್ಣನ ಭುಜ ತಟ್ಟಿದರು. "ಒಂದ್ಸಲ ಆದ್ರೆ ಯಾರೂ ನಂಬಲ್ಲಪ್ಪ. ಯಾವುದು ಮೊದ್ಲು, ಯಾವುದು ಆಮೇಲೆ, ಎಷ್ಟೆಷ್ಟು ಹೊತ್ತು, ಎಲ್ಲಾ ಥರಾನೂ ಮಾಡಿ ನೋಡು. ವರ್ಷದೊಳಗೆ ಹಿಡಿದ್ಬಿಡ್ತೀಯ. ರಜ ಎಲ್ಲಿಗೋಗತ್ತೆ?"

ಪುಡಿಯಣ್ಣ ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ.

"ಪುಡಿ ಏನಾಯ್ತು ರೀ?"

"ಸರಿಯಾಗ್ಬಿಡ್ತು ಕಣೆ" ಎಂದ, ಅಳುಮೋರೆ ಹಾಕಿಕೊಂಡು.